ಮದ್ರಾಸಿಗೆ ಹೋದವನ ಎಡೆ

ಹೋದ ಸಂಚಿಕೆ ಆದ ಮೇಲೆ ಬಹಳ ಜನ ಒಂದೇ ಪ್ರಶ್ನೆ ಕಳಿಸಿದ್ರಿ: "ಈ ಎಂಜಲು ತುಂಬಿ ಕಳಿಸೋ ಡಿಎನ್‌ಎ ಕಿಟ್ ಮಾಡಿಸಬೇಕಾ, ಬೇಡವಾ? ನಮ್ಮ ಪೂರ್ವಿಕರು ಯಾರು ಅಂತ ನಿಜವಾಗ್ಲೂ ಗೊತ್ತಾಗುತ್ತಾ?" ಹೌದು ಅಥವಾ ಇಲ್ಲ ಅಂತ ಒಂದು ಸಾಲಲ್ಲಿ ಹೇಳೋಕೆ ನನಗೆ ಆಗಲ್ಲ. ಅದರ ಬದಲು ನಮ್ಮ ಮನೆಯಲ್ಲೇ ಸುಮಾರು ಎರಡು ವರ್ಷದಿಂದ ನಡೀತಿರೋ ಒಂದು ಹುಡುಕಾಟದ ಕಥೆ ಹೇಳ್ತೀನಿ. ಅದರಲ್ಲಿ ವಿಜ್ಞಾನ ಇದೆ, ರೆಕಾರ್ಡ್ ರೂಮಿನ ಧೂಳಿದೆ, ಸ್ವಲ್ಪ ಜಗಳವೂ ಇದೆ. ಸಂಬಂಧಪಟ್ಟವರು ಹೆಸರು ಬೇಡ ಅಂದಿದ್ದಾರೆ. ಹಾಗಾಗಿ ಯಾರ ಹೆಸರೂ ಹೇಳಲ್ಲ, ಊರಿನ ಹೆಸರೂ ಇಲ್ಲ. ಕೋಲಾರ ಜಿಲ್ಲೆ, ಮಾಲೂರು ಸ್ಟೇಷನ್ನಿಂದ ನಡೆದು ಹೋಗಬಹುದಾದ ಒಂದು ಹಳ್ಳಿ ಅಂದ್ಕೊಳ್ಳಿ.

ನಮ್ಮ ಮನೇಲಿ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡ್ತಾರೆ. ಗೋಡೆ ಪಕ್ಕ ಸಾಲಾಗಿ ಎಲೆ ಹಾಕಿ, ವಡೆ, ಕಜ್ಜಾಯ, ಬಾಡಿನ ಸಾರು, ತೀರಿಹೋದವರಿಗೆ ಏನಿಷ್ಟವೋ ಅದು. ಬೀಡಿ ಸೇದ್ತಿದ್ದ ಅಜ್ಜನ ಎಲೆ ಪಕ್ಕ ಒಂದು ಕಟ್ಟು ಬೀಡಿ. ಸಾಲಿನ ಕೊನೆಗೆ, ಬಾಗಿಲ ಹತ್ತಿರ, ಸ್ವಲ್ಪ ದೂರ ಬಿಟ್ಟು ಒಂದು ಸಣ್ಣ ಎಲೆ ಇರ್ತಿತ್ತು. ಚಿಕ್ಕವನಿದ್ದಾಗ "ಅದು ಯಾರದು?" ಅಂತ ಕೇಳಿದ್ರೆ ಅತ್ತೆ ಹೇಳ್ತಿದ್ದಿದ್ದು ಇಷ್ಟೇ: "ಅದು ಮದ್ರಾಸಿಗೆ ಹೋದವನ್ದು ಕಣಪ್ಪ." ಹೆಸರು ಯಾರಿಗೂ ಗೊತ್ತಿಲ್ಲ. ನಮ್ಮಜ್ಜನ ತಾತನ ತಮ್ಮನಂತೆ. ಬರದಲ್ಲಿ ರೈಲು ಹತ್ತಿ ಹೋದನಂತೆ, ವಾಪಸ್ ಬರಲಿಲ್ಲವಂತೆ. ಸತ್ತ ದಿನ ಗೊತ್ತಿಲ್ಲ, ಸತ್ತನೋ ಇಲ್ಲವೋ ಅದೂ ಗೊತ್ತಿಲ್ಲ, ಅದಕ್ಕೇ ಎಲೆ ಸ್ವಲ್ಪ ದೂರ.

ಆ ಬರ ಯಾವುದು ಅಂತ ಊಹಿಸೋದು ಕಷ್ಟ ಅಲ್ಲ. 1876ರಿಂದ 78ರವರೆಗಿನ ಧಾತು–ಈಶ್ವರ ಸಂವತ್ಸರದ ಬರ. ಮೈಸೂರು ಸಂಸ್ಥಾನದ ಜನಗಣತಿಯಲ್ಲಿ 1871ಕ್ಕೆ ಸುಮಾರು 50 ಲಕ್ಷ ಜನ ಇದ್ರು, 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಬೇಕಾಗಿದ್ದ ಜನಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಇಳಿದುಹೋಯ್ತು. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದಿದ್ದು 1864ರಲ್ಲಿ, ಆ ಹಾದಿ ಮಾಲೂರಿನ ಮೇಲೇ ಹೋಗುತ್ತೆ. ಅಂದ್ರೆ ಹಸಿದವನಿಗೆ ಮದ್ರಾಸು ರೈಲು ಹತ್ತಿ ಇಳಿಯೋಷ್ಟು ದೂರದಲ್ಲಿತ್ತು. ಮದ್ರಾಸಲ್ಲಿ ಗಂಜಿ ಕೇಂದ್ರಗಳಿದ್ವು. ಬಂದರಿನಲ್ಲಿ ಹಡಗುಗಳೂ ಇದ್ವು.

ಈಗ ನ್ಯೂಜೆರ್ಸಿಗೆ ಬರೋಣ. ಒಂದು ದೀಪಾವಳಿಗೆ ಹೆಂಡತಿ ನನಗೆ ಡಿಎನ್‌ಎ ಕಿಟ್ ಉಡುಗೊರೆ ಕೊಟ್ಟಳು. ಸಣ್ಣ ಟ್ಯೂಬಿಗೆ ಉಗುಳಿ, ಮುಚ್ಚಿ, ಪೋಸ್ಟಿಗೆ ಹಾಕಬೇಕು. ಆಗ ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ಬಂದಿದ್ರು. "ಎಂಜಲನ್ನ ಪೋಸ್ಟಲ್ಲಿ ಕಳಿಸ್ತಾರೇನೋ! ಆ ಪೋಸ್ಟ್‌ಮನ್ ಏನ್ ಪಾಪ ಮಾಡಿದ್ದ?" ಅಂತ ಅಮ್ಮ ನಕ್ಕಿದ್ದೇ ನಕ್ಕಿದ್ದು.

ಲ್ಯಾಬಿನವರು ಆ ಎಂಜಲಿನಲ್ಲಿರೋ ಜೀವಕೋಶಗಳಿಂದ ಡಿಎನ್‌ಎ ತೆಗೀತಾರೆ. ನಮ್ಮ ಜೀನೋಮಿನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಇವರು ಅಷ್ಟನ್ನೂ ಓದಲ್ಲ. ಮನುಷ್ಯರಲ್ಲಿ ಒಬ್ಬರಿಂದೊಬ್ಬರಿಗೆ ವ್ಯತ್ಯಾಸ ಇರುತ್ತೆ ಅಂತ ಮೊದಲೇ ಗೊತ್ತಿರೋ ಆರೇಳು ಲಕ್ಷ ಜಾಗಗಳನ್ನ ಮಾತ್ರ ನೋಡ್ತಾರೆ. ದಪ್ಪ ಪುಸ್ತಕದಲ್ಲಿ ಪ್ರತಿ ಪುಟದಿಂದ ಒಂದೆರಡು ಅಕ್ಷರ ನೋಡಿ ಪ್ರತಿ ಯಾವುದು ಅಂತ ಗುರುತಿಸಿದ ಹಾಗೆ.

ರಿಸಲ್ಟಿನಲ್ಲಿ ಎರಡು ಭಾಗ ಇರುತ್ತೆ. ಮೊದಲನೆಯದು ಬಣ್ಣಬಣ್ಣದ ನಕ್ಷೆ: ಇಷ್ಟು ಶೇಕಡ ಇಲ್ಲಿಯವರು, ಇಷ್ಟು ಶೇಕಡ ಅಲ್ಲಿಯವರು. ನನ್ನದು ಹೆಚ್ಚುಕಮ್ಮಿ ಪೂರ್ತಿ ದಕ್ಷಿಣ ಭಾರತ ಅಂತ ಬಂತು. ಇದನ್ನ ತಿಳಿಯೋಕೆ ಅಷ್ಟು ಡಾಲರ್ ಯಾಕೆ ಅಂತ ಅಪ್ಪ ಕೇಳಿದ್ದು ಸರಿಯಾಗೇ ಇತ್ತು. ಈ ಶೇಕಡಗಳು ಬರೋದು ಕಂಪನಿಯ ಹತ್ತಿರ ಮೊದಲೇ ಇರೋ ಮಾದರಿಗಳ ಜೊತೆ ಹೋಲಿಸಿ. ಮಾದರಿ ಬದಲಾದ್ರೆ ಶೇಕಡವೂ ಬದಲಾಗುತ್ತೆ, ನೀವು ಬದಲಾಗಿರಲ್ಲ. ಇದರ ಬಗ್ಗೆ ಹೆಚ್ಚು ಹೇಳಲ್ಲ, ಅದು ಈ ಕಿಟ್ಟಿನ ಅತ್ಯಂತ ದುರ್ಬಲ ಭಾಗ ಅನ್ನೋದು ನನ್ನ ಅಭಿಪ್ರಾಯ.

ಎರಡನೆಯದು ನೆಂಟರ ಪಟ್ಟಿ. ಅದೇ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿದವರಲ್ಲಿ ಯಾರ ಜೊತೆ ನಿಮ್ಮ ಡಿಎನ್‌ಎಯ ಉದ್ದುದ್ದ ತುಂಡುಗಳು ಹೊಂದುತ್ತವೋ ಅವರೆಲ್ಲ ಅಲ್ಲಿರ್ತಾರೆ. ಈ ತುಂಡುಗಳನ್ನ ಅಳೆಯೋದು ಸೆಂಟಿಮಾರ್ಗನ್ ಅನ್ನೋ ಮಾನದಲ್ಲಿ. ಹೆಸರಲ್ಲಿ ಸೆಂಟಿ ಇದ್ರೂ ಇದು ಉದ್ದದ ಅಳತೆಯಲ್ಲ. ಒಂದು ತಲೆಮಾರಿನಲ್ಲಿ ಆ ತುಂಡು ಮಧ್ಯದಲ್ಲಿ ಕತ್ತರಿಸಿಹೋಗೋ ಸಂಭವ ನೂರಕ್ಕೆ ಒಂದು ಇದ್ರೆ ಅದು ಒಂದು ಸೆಂಟಿಮಾರ್ಗನ್. ಅಪ್ಪ ಅಥವಾ ಅಮ್ಮನ ಜೊತೆ ಸುಮಾರು 3,400ರಿಂದ 3,500 ಹೊಂದುತ್ತೆ. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳ ಜೊತೆ ಸರಾಸರಿ 850ರ ಆಸುಪಾಸು. ಎರಡನೇ ಸುತ್ತಿನ ದಾಯಾದಿಗಳಾದ್ರೆ 200ರ ಮೇಲೆ ಚೂರು. ಮೂರನೇ ಸುತ್ತಿಗೆ ಐವತ್ತು ಅರವತ್ತಕ್ಕೆ ಇಳಿಯುತ್ತೆ. ಮೂರನೇ ಸುತ್ತಿನವರಲ್ಲಿ ಹತ್ತರಲ್ಲಿ ಒಂದು ಜೋಡಿಗೆ ಗುರುತಿಸೋಕಾಗೋ ಅಷ್ಟು ಡಿಎನ್‌ಎ ಒಂದು ಚೂರೂ ಹೊಂದೋದಿಲ್ಲ. ನಿಜವಾದ ನೆಂಟರೇ ಆಗಿದ್ರೂ!

ನನ್ನ ಪಟ್ಟಿಯಲ್ಲಿ ಇದ್ದವರೆಲ್ಲ ನಿರೀಕ್ಷಿಸಿದ ಹಾಗೆ ಡಲ್ಲಾಸು, ಲಂಡನ್ನು, ಸಿಡ್ನಿಯ ಸಾಫ್ಟ್‌ವೇರ್ ಜನ. ನಡುವೆ ಒಬ್ಬರು ಮಾತ್ರ ಡರ್ಬನ್, ದಕ್ಷಿಣ ಆಫ್ರಿಕಾ. ನನ್ನ ಜೊತೆ ಹೊಂದಿದ್ದು 41 ಸೆಂಟಿಮಾರ್ಗನ್, ಐದು ತುಂಡುಗಳಲ್ಲಿ. ನಾನು ಗಮನಿಸೋ ಮೊದಲೇ ಅವರಿಂದ ಸಂದೇಶ ಬಂದಿತ್ತು. ಎಪ್ಪತ್ತು ದಾಟಿದ ನಿವೃತ್ತ ಟೀಚರು. ಬರೆದಿದ್ದು ಇಷ್ಟು: ನನ್ನ ಅಪ್ಪನ ಅಜ್ಜ ಭಾರತದಿಂದ ಕಬ್ಬಿನ ತೋಟಕ್ಕೆ ಬಂದವರು, ಎಲ್ಲಿಂದ ಅಂತ ಗೊತ್ತಿಲ್ಲ, ಕಣ್ಣು ಮುಚ್ಚೋ ಮೊದಲು ಆ ಊರು ಯಾವುದು ಅಂತ ತಿಳಿಯಬೇಕು, ನಿಮಗೆ ಏನಾದರೂ ಗೊತ್ತಾ?

ಬ್ರಿಟಿಷರು ಗುಲಾಮಗಿರಿ ನಿಲ್ಲಿಸಿದ ಮೇಲೆ ತಮ್ಮ ಸಕ್ಕರೆ ತೋಟಗಳಿಗೆ ಭಾರತದಿಂದ ಕರಾರಿನ ಮೇಲೆ ಕೂಲಿಗಳನ್ನ ಸಾಗಿಸಿದ್ರಲ್ಲ, ಆ ಕಥೆ ಇದು. ಆ ಕರಾರಿಗೆ, ಅಂದ್ರೆ ಅಗ್ರಿಮೆಂಟಿಗೆ, ಜನರ ಬಾಯಲ್ಲಿ ಗಿರ್ಮಿಟ್ ಅಂತ ಹೆಸರಾಯ್ತು. ಹುಬ್ಬಳ್ಳಿಯ ಮಂಡಕ್ಕಿ ಗಿರ್ಮಿಟ್ ಬೇರೆ, ಬಾಯಲ್ಲಿ ನೀರು ಬಂದವರು ಕ್ಷಮಿಸಬೇಕು. ಇವತ್ತಿನ ಡರ್ಬನ್ ಇರೋ ನಟಾಲ್ ವಸಾಹತಿಗೆ ಮೊದಲ ಹಡಗು ಟ್ರೂರೋ ಮದ್ರಾಸಿನಿಂದ ಹೊರಟು 1860ರ ನವೆಂಬರ್ 16ಕ್ಕೆ ಮುಟ್ಟಿತು, 342 ಜನ ಇದ್ರು. ಅಲ್ಲಿಂದ 1911ರವರೆಗೆ ಒಟ್ಟು 1,52,184 ಜನ ಹೋದ್ರು. ಐದು ವರ್ಷದ ಕರಾರು. ಮೊದಲ ವರ್ಷ ತಿಂಗಳಿಗೆ ಹತ್ತು ಶಿಲಿಂಗ್ ಸಂಬಳ, ವರ್ಷಕ್ಕೊಂದು ಶಿಲಿಂಗ್ ಏರಿಕೆ. ಮದ್ರಾಸಿನಿಂದ ಹೋದವರಲ್ಲಿ ಬಹುಪಾಲು ತಮಿಳರು, ತೆಲುಗರು. ಅವರ ನಡುವೆ ಮೈಸೂರು ಸೀಮೆಯವರೂ ಅಲ್ಲೊಬ್ಬರು ಇಲ್ಲೊಬ್ಬರು.

ಈ ವ್ಯವಸ್ಥೆ ಎಷ್ಟು ಕ್ರೂರವೋ ಅದರ ಗುಮಾಸ್ತಗಿರಿ ಅಷ್ಟೇ ಅಚ್ಚುಕಟ್ಟು. ಹಡಗು ಹತ್ತಿದ ಪ್ರತಿಯೊಬ್ಬರಿಗೂ ಒಂದು ನಂಬರು. ಅದರ ಮುಂದೆ ಹೆಸರು, ತಂದೆ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲೂಕು, ಹಳ್ಳಿ, ಎತ್ತರ, ಮೈಮೇಲಿನ ಗುರುತು. ಓಡಿಹೋದ್ರೆ ಹಿಡಿಯೋಕೆ ಬರೆದಿಟ್ಟಿದ್ದು ಅದು. ಇವತ್ತು ಅದೇ ಆ ಜನರ ಮೊಮ್ಮಕ್ಕಳಿಗೆ ಉಳಿದಿರೋ ಒಂದೇ ಕೊಂಡಿ. ಊರಲ್ಲಿ ಉಳಿದ ನಮ್ಮ ಹಿರಿಯನ ಎತ್ತರ ಎಷ್ಟಿತ್ತು ಅಂತ ನಮಗೆ ಗೊತ್ತಿಲ್ಲ, ಹೋದವನದು ಇಂಚಿನ ಸಮೇತ ಇದೆ.

ಟೀಚರ್ ತಮ್ಮ ಮುತ್ತಾತನ ನಂಬರ್ ಹುಡುಕಿ ಇಟ್ಟಿದ್ರು. ಹಡಗು ಹತ್ತಿದ್ದು 1878ರಲ್ಲಿ, ಮದ್ರಾಸಿನಿಂದ. ವಯಸ್ಸು 20. ಜಿಲ್ಲೆ ಮೈಸೂರು. ಹಳ್ಳಿಯ ಹೆಸರನ್ನ ಆ ಗುಮಾಸ್ತ ಹೇಗೆ ಕೇಳಿಸಿಕೊಂಡನೋ ಹಾಗೆ ಬರೆದಿದ್ದ, ಓದೋಕೆ ಆಗದ ಹಾಗೆ. ಕೊನೆಯ ಐದು ಅಕ್ಷರ ಮಾತ್ರ ಸ್ಪಷ್ಟ: ಎಚ್, ಯು, ಎಲ್, ಎಲ್, ವೈ. ಟೀಚರಮ್ಮ ಇಪ್ಪತ್ತು ವರ್ಷದಿಂದ ಅದನ್ನ ತಮಿಳುನಾಡಿನ ನಕ್ಷೆಯಲ್ಲಿ ಹುಡುಕ್ತಾ ಇದ್ರಂತೆ, ಯಾವುದೋ ಇಂಗ್ಲಿಷ್ ದೊರೆಯ ತೋಟದ ಹೆಸರಿರಬೇಕು ಅಂತಾನೂ ಅಂದುಕೊಂಡಿದ್ರಂತೆ. ನಾನು ನೋಡಿದ ಕೂಡಲೇ ಫೋನಲ್ಲಿ ಹೇಳಿದೆ: "ಮೇಡಂ, ಅದು ಹಳ್ಳಿ." ಹಳೇ ಇಂಗ್ಲಿಷ್ ಕಾಗದಗಳಲ್ಲಿ ನಮ್ಮ ಹಳ್ಳಿಯನ್ನ ಹಾಗೇ ಬರೀತಿದ್ರು. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಅವರ ಮನೆಯಲ್ಲಿ ಕನ್ನಡ ಒಂದು ಪದವೂ ಉಳಿದಿಲ್ಲ. ಮುತ್ತಾತ ತೋಟದಲ್ಲೇ ಒಬ್ಬ ತಮಿಳು ಹೆಂಗಸನ್ನ ಮದುವೆಯಾದ್ರು, ಮಕ್ಕಳ ಮಾತು ತಮಿಳಾಯ್ತು, ಮೊಮ್ಮಕ್ಕಳದು ಇಂಗ್ಲಿಷಾಯ್ತು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. 20 ವರ್ಷದ ಹುಡುಗ, ಬರದ ಕಾಲ, ಮೈಸೂರು ಸೀಮೆ, ಕೊನೆಗೆ ಹಳ್ಳಿ. ಅದರ ಮೇಲೆ ಹೊಂದೋ ಡಿಎನ್‌ಎ. ಸಿಕ್ಕಿಬಿಟ್ಟ ಅಂತ ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಇಲ್ಲೇ ನಾನು ಎಡವಿದ್ದು. ನಮ್ಮ ದೇಶದವರು ಈ ಕಿಟ್ ಮಾಡಿಸಿದಾಗ ಎಲ್ಲರೂ ಎಡವೋ ಜಾಗವೂ ಇದೇ.

ಸೆಂಟಿಮಾರ್ಗನ್ನಿನ ಲೆಕ್ಕ ಎಲ್ಲ ಸಿದ್ಧವಾಗಿರೋದು ಗಂಡ ಹೆಂಡತಿ ಸಂಬಂಧಿಕರಲ್ಲ ಅನ್ನೋ ಊಹೆಯ ಮೇಲೆ. ನಮ್ಮಲ್ಲಿ? ನಮ್ಮಜ್ಜಿ ನಮ್ಮಜ್ಜನ ಸ್ವಂತ ಅಕ್ಕನ ಮಗಳು. ಆ ಕಾಲಕ್ಕೆ ಅದರಲ್ಲಿ ವಿಶೇಷ ಏನೂ ಇಲ್ಲ. 1980ರ ದಶಕದಲ್ಲೂ ಬೆಂಗಳೂರು, ಮೈಸೂರುಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮದುವೆಗಳು ಸೋದರಮಾವ–ಸೊಸೆ ಅಥವಾ ಅತ್ತೆ ಮಗಳು, ಮಾವನ ಮಗನಂಥ ಸಂಬಂಧದೊಳಗಿನವೇ ಇದ್ವು. ಇದರಿಂದ ಏನಾಗುತ್ತೆ ನೋಡಿ. ನಮ್ಮ ಮುತ್ತಜ್ಜ ನಮ್ಮಪ್ಪನಿಗೆ ತಂದೆಯ ತಂದೆ, ಅಂದ್ರೆ ಅಜ್ಜ. ಹಾಗೇ ತಾಯಿಯ ತಾಯಿಯ ತಂದೆ, ಅಂದ್ರೆ ಮುತ್ತಜ್ಜನೂ ಅವರೇ. ಒಬ್ಬರೇ ಮನುಷ್ಯ ವಂಶವೃಕ್ಷದಲ್ಲಿ ಎರಡು ಕುರ್ಚಿ ಮೇಲೆ ಕೂತಿದ್ದಾರೆ. ಸಾಮಾನ್ಯವಾಗಿ ಅಜ್ಜನಿಂದ ಕಾಲು ಭಾಗ ಡಿಎನ್‌ಎ ಬರುತ್ತೆ. ನಮ್ಮಪ್ಪನಿಗೆ ಒಂದು ದಾರಿಯಿಂದ ಕಾಲು ಭಾಗ, ಇನ್ನೊಂದು ದಾರಿಯಿಂದ ಅದರರ್ಧ, ಒಟ್ಟು ಎಂಟರಲ್ಲಿ ಮೂರು ಭಾಗ. ಆ ಅಜ್ಜನ ಕಡೆಯ ಯಾವ ದೂರದ ನೆಂಟರ ಜೊತೆ ಹೋಲಿಸಿದ್ರೂ ಲೆಕ್ಕ ಒಂದೂವರೆ ಪಟ್ಟು ಉಬ್ಬಿಕೊಂಡೇ ಕಾಣುತ್ತೆ.

ಇದು ಒಂದು ಮನೆಯ ಮಾತಾಯ್ತು. ಇದರ ಹಿಂದೆ ಇನ್ನೊಂದು ದೊಡ್ಡ ಮಾತಿದೆ. ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡಿನ ವಿಜ್ಞಾನಿಗಳು ಸೇರಿ ಮಾಡಿದ ಕೆಲಸ ನಿಮ್ಮಲ್ಲಿ ಕೆಲವರು ಕೇಳಿರ್ತೀರಿ. 2013ರ ಅವರ ಪ್ರಬಂಧದ ಪ್ರಕಾರ, ಉಪಖಂಡದಲ್ಲಿ ಬೇರೆ ಬೇರೆ ಮೂಲದ ಜನ ಧಾರಾಳವಾಗಿ ಬೆರೆತದ್ದು ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ನಡುವೆ. ಆಮೇಲೆ ಆ ಬೆರೆಯುವಿಕೆ ಹೆಚ್ಚುಕಮ್ಮಿ ನಿಂತುಹೋಯ್ತು, ಜನ ತಮ್ಮ ತಮ್ಮ ಗುಂಪಿನೊಳಗೇ ಹೆಣ್ಣು ಕೊಟ್ಟು ತರೋಕೆ ಶುರುಮಾಡಿದ್ರು. 2017ರಲ್ಲಿ ಅದೇ ಬಳಗದವರು ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನ ನೋಡಿದಾಗ 81 ಗುಂಪುಗಳಲ್ಲಿ ಕೆಲವೇ ಪೂರ್ವಿಕರಿಂದ ಬೆಳೆದು ಬಂದ ಗುರುತು ಫಿನ್ಲೆಂಡಿನವರಿಗಿಂತ, ಯುರೋಪಿನ ಯಹೂದ್ಯರಿಗಿಂತ ಗಾಢವಾಗಿತ್ತು. ಅದಕ್ಕೆ ಆರೋಗ್ಯದ ಮುಖವೂ ಇದೆ. ವೈಶ್ಯ ಸಮುದಾಯದಲ್ಲಿ ಅರಿವಳಿಕೆಯ ಜೊತೆ ಕೊಡೋ ಒಂದು ಸ್ನಾಯು ಸಡಿಲಿಸೋ ಔಷಧಿಯನ್ನ ಕರಗಿಸೋ ಕಿಣ್ವ ಕೆಲವರಿಗೆ ಇರೋದಿಲ್ಲ, ಆಪರೇಷನ್ ಮುಗಿದರೂ ಅವರು ಬೇಗ ಉಸಿರಾಡೋ ಸ್ಥಿತಿಗೆ ಬರಲ್ಲ. ಅನುಭವಿ ಅರಿವಳಿಕೆ ವೈದ್ಯರು ಅದಕ್ಕೇ ಮೊದಲೇ ವಿಚಾರಿಸ್ತಾರೆ.

ಹಾಗಾದ್ರೆ ನನ್ನ 41 ಸೆಂಟಿಮಾರ್ಗನ್ನಿನ ಅರ್ಥ ಏನು? ಅಪ್ಪ ಅಮ್ಮನಿಗೂ ಕಿಟ್ ತರಿಸಿದೆ. ಅಪ್ಪನ ಎಂಜಲಿಗೆ ಮೊದಲು ಅವರ ಒಪ್ಪಿಗೆ ಬೇಕಿತ್ತು, ಒಂದು ವಾರ ಯೋಚಿಸಿ ಒಪ್ಪಿದ್ರು. ಅಪ್ಪನ ಜೊತೆ ಟೀಚರಿಗೆ 58 ಹೊಂದಿತು. ಕಥೆ ನಿಜವಾಗಿದ್ರೆ ಅವರಿಬ್ಬರೂ ಮೂರನೇ ಸುತ್ತಿನ ಅಣ್ಣ ತಂಗಿ ಆಗಬೇಕು, 58 ಅದಕ್ಕೆ ಒಪ್ಪುತ್ತೆ. ಆದ್ರೆ ನನ್ನ 41ರಲ್ಲಿ ಅಪ್ಪನಿಂದ ಬಂದದ್ದು 28 ಮಾತ್ರ. ಉಳಿದ 13 ಅಮ್ಮನ ಕಡೆಯಿಂದ! ಅಮ್ಮ ಬೇರೆ ತಾಲೂಕಿನವರು. "ಹಂಗಾದ್ರೆ ಆಯಮ್ಮ ನನಗೂ ನೆಂಟ್ರೇ ಅಂದಂಗಾಯ್ತು," ಅಂತ ಅಮ್ಮನಿಗೆ ಖುಷಿ, ನನಗೆ ಮಾತ್ರ ತಲೆನೋವು. ಆಮೇಲೆ ನೋಡಿದ್ರೆ ಹೊಸೂರು ಕಡೆಯ, ನಮಗೆ ಏನೇನೂ ಸಂಬಂಧವಿಲ್ಲದ, ನಮ್ಮದೇ ಜಾತಿಯ ಒಬ್ಬರ ಜೊತೆಗೂ ಟೀಚರಿಗೆ 33 ಹೊಂದಿದೆ.

ಅಂದ್ರೆ ಡಿಎನ್‌ಎ ಆಕೆಯನ್ನ ನಮ್ಮ ಜಾತಿಯ ಹಟ್ಟಿಯವರೆಗೆ ತಂದು ಬಿಟ್ಟಿತ್ತು, ಮನೆ ಬಾಗಿಲು ತೋರಿಸಿರಲಿಲ್ಲ. ಅವತ್ತು ಟೀಚರಿಗೆ ಫೋನ್ ಮಾಡಿ "ನಾನು ಅವಸರ ಮಾಡಿದೆ" ಅಂತ ಹೇಳಬೇಕಾಯ್ತು. ಅವರು, ಪಾಠ ಹೇಳಿದವರಲ್ಲವಾ, "ಹಾಗಾದರೆ ಮುಂದಿನ ಹೆಜ್ಜೆ ಏನು?" ಅಂದ್ರು.

ಮುಂದಿನ ಹೆಜ್ಜೆ ವೈ ಕ್ರೋಮೋಸೋಮು. ಅದು ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತೆ. ಬೇರೆ ಕ್ರೋಮೋಸೋಮುಗಳ ಹಾಗೆ ತಲೆಮಾರಿಗೊಮ್ಮೆ ಇಸ್ಪೀಟಿನಂತೆ ಕಲೆಸಿ ಹೋಗೋದಿಲ್ಲ, ಸೋದರಿಕೆಯ ಮದುವೆಗಳು ಅದನ್ನ ಉಬ್ಬಿಸೋದೂ ಇಲ್ಲ. ಟೀಚರಿಗೆ ವೈ ಇಲ್ಲ. ಅವರ ತಮ್ಮ ತೀರಿಹೋಗಿದ್ರು, ತಮ್ಮನ ಮಗ ಒಪ್ಪಿದ. ಈ ಕಡೆಯಿಂದ ನಮ್ಮಪ್ಪ. 37 ಜಾಗಗಳನ್ನ ಹೋಲಿಸೋ ಪರೀಕ್ಷೆ. ಆ ಅಣ್ಣ ತಮ್ಮಂದಿರ ತಂದೆಯಿಂದ ಹುಡುಗನವರೆಗೆ ಐದು ಜನನ, ನಮ್ಮಪ್ಪನವರೆಗೆ ನಾಲ್ಕು. ಈ ಒಂಬತ್ತು ಜನನಗಳಲ್ಲಿ ಒಂದೆರಡು ಜಾಗ ಬದಲಾಗಿರೋದು ಸಹಜ. ರಿಸಲ್ಟ್ ಬಂದಾಗ 37ರಲ್ಲಿ 36 ಹೊಂದಿದ್ವು.

ಇದು ದೊಡ್ಡ ಸುದ್ದಿ, ಇಲ್ಲ ಅನ್ನಲ್ಲ. ಜಾತಿಯಿಂದ ಕುಲಕ್ಕೆ ಬಂದ್ವಿ. ಆದ್ರೆ ನಮ್ಮೂರಲ್ಲಿ ನಮ್ಮ ಕುಲದ್ದೇ ಮೂರು ಮನೆತನ ಇವೆ. ಇನ್ನೂರು ಮುನ್ನೂರು ವರ್ಷದ ಹಿಂದೆ ಒಬ್ಬನೇ ಮೂಲಪುರುಷ ಇದ್ದಿದ್ರೆ ಮೂರೂ ಮನೆಯ ಗಂಡಸರ ವೈ ಹೆಚ್ಚುಕಮ್ಮಿ ಹೀಗೇ ಕಾಣುತ್ತೆ. ಹೋದವನು ನಮ್ಮ ಮನೆಯವನೋ, ಆಚೆ ಬೀದಿಯವನೋ?

ಇಲ್ಲಿಂದ ಮುಂದೆ ಲ್ಯಾಬಿಗೆ ಕೆಲಸ ಇರಲಿಲ್ಲ, ಕಾಗದಕ್ಕಿತ್ತು. ಊರಲ್ಲಿ ಚಿಕ್ಕಪ್ಪನ ಮಗ ಇದ್ದಾನೆ, ಪಹಣಿ, ಮ್ಯುಟೇಶನ್ನು ಅಂತ ತಾಲೂಕು ಕಚೇರಿ ಸುತ್ತಿ ಪಳಗಿದವನು. "ಅಣ್ಣ, ಕಂಪ್ಯೂಟರ್ ಪಹಣಿ ನಮಗೆ ಉಪಯೋಗ ಇಲ್ಲ, ಅದು ಮೊನ್ನೆ ಮೊನ್ನೆದು. ರೆಕಾರ್ಡ್ ರೂಮಲ್ಲಿ ಮಹಾರಾಜರ ಕಾಲದ ಸರ್ವೆ ಪುಸ್ತಕ ಇರುತ್ತೆ," ಅಂದ. ನಾಲ್ಕು ಸಲ ಅರ್ಜಿ ಹಾಕಿ, ಐದನೇ ಸಲ ನಕಲು ತಂದ. ಅದರಲ್ಲಿ ಸರ್ವೆ ನಂಬರಿನ ಎದುರು ಖಾತೆದಾರ, ಅವನ ತಂದೆ ಹೆಸರು. ಹಡಗಿನ ಪಟ್ಟಿಯಲ್ಲಿದ್ದ ತಂದೆ ಹೆಸರು ನಮ್ಮ ಹಿರಿಯನ ತಂದೆ ಹೆಸರಿಗೆ ಹೊಂದಿತು. ಸಂತೋಷ ಪಡೋ ಮೊದಲೇ ಅವನೇ ಹೇಳಿದ: ಉಳಿದೆರಡು ಮನೆತನಗಳಲ್ಲಿ ಒಂದರ ಖಾತೆದಾರನ ತಂದೆಗೂ ಅದೇ ಹೆಸರು. ನಮ್ಮ ಕಡೆ "ಮುನಿ" ಅಂತ ಶುರುವಾಗೋ ಹೆಸರುಗಳು ಎಷ್ಟು ಅಂತ ಕೋಲಾರದವರನ್ನ ಕೇಳಿ. ಅಜ್ಜನ ಹೆಸರು ಮೊಮ್ಮಗನಿಗೆ, ಅವನ ಹೆಸರು ಅವನ ಮೊಮ್ಮಗನಿಗೆ. ಮನೇಲಿ ಅದು ಮರ್ಯಾದೆ, ಹುಡುಕೋಕೆ ಹೊರಟವನಿಗೆ ಶಿಕ್ಷೆ.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಜಮೀನಿನ ಪುಸ್ತಕ ಜಮೀನು ಇದ್ದವರದು. ಬಿಟ್ಟು ಹೋದವನು ಅಲ್ಲಿ ಇರೋದೇ ಇಲ್ಲ.

ಬಿಟ್ಟು ಹೋದವರನ್ನೂ ನೆನಪಿಟ್ಟುಕೊಳ್ಳೋರು ನಮ್ಮಲ್ಲಿ ಒಬ್ಬರಿದ್ರು. ಹೆಳವರು. ಎತ್ತಿನ ಮೇಲೆ ಕೂತು ಗಂಟೆ ಬಾರಿಸ್ತಾ ಸುಗ್ಗಿ ಮುಗಿದ ಮೇಲೆ ಊರಿಗೆ ಬರ್ತಿದ್ದವರು. ನಿಮ್ಮಲ್ಲಿ ಐವತ್ತು ದಾಟಿದವರು ನೋಡಿರ್ತೀರಿ. ಮನೆ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಮಗುವಿನವರೆಗೆ ವಂಶಾವಳಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ರಾಗಿ ಜೋಳ ಇಸ್ಕೊಂಡು ಹೋಗ್ತಿದ್ರು. ಇಂತಿಂಥ ಮನೆತನಕ್ಕೆ ಇಂತಿಂಥ ಹೆಳವರು ಅಂತ ಹಂಚಿಕೆ ಇರ್ತಿತ್ತು. ಊರಿನ ಜನ ಇವರನ್ನ ಭಿಕ್ಷುಕರ ಹಾಗೆ ನೋಡಿದ್ದೇ ಹೆಚ್ಚು. ನನ್ನ ಲೆಕ್ಕದಲ್ಲಿ ಅವರು ನಮ್ಮ ದಾಖಲೆ ಇಲಾಖೆ.

ನಮ್ಮ ಮನೆಗೆ ಹೆಳವರು ಬಂದದ್ದು ಕೊನೆಗೆ ಯಾವಾಗ ಅಂತ ಅತ್ತೆಯನ್ನ ಕೇಳಿದ್ವಿ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗಲಂತೆ. ಚಿಕ್ಕಪ್ಪನ ಮಗ ಹುಡುಕುತ್ತಾ ಹೋಗಿ ಎರಡು ತಿಂಗಳ ಮೇಲೆ ಆ ಹೆಳವರ ಮಗನ ಮನೆ ಪತ್ತೆ ಮಾಡಿದ. ಅವರೀಗ ಊರೂರು ತಿರುಗೋದು ಬಿಟ್ಟಿದ್ದಾರೆ. ಪುಸ್ತಕ ಮಾತ್ರ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ, ಅವರ ಅಜ್ಜ ಇನ್ನೂ ಹಳೇ ಪುಸ್ತಕದಿಂದ ನಕಲು ಮಾಡಿದ್ದು. ನಮ್ಮ ಪುಟ ತೆಗೆದು, ಕೂತು, ರಾಗವಾಗಿ ಓದಿದ್ರಂತೆ. ನಮ್ಮ ಮನೆಯವರಿಗೆ ಗೊತ್ತಿದ್ದದ್ದು ಅಣ್ಣ ತಮ್ಮ ಇಬ್ಬರೇ. ಪುಸ್ತಕದಲ್ಲಿ ಮೂವರು. ಮೂರನೆಯವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಗೆರೆ ಅಲ್ಲಿಗೇ ನಿಂತಿದೆ. ಹೆಸರು? ಹಡಗಿನ ಪಟ್ಟಿಯ ಹೆಸರು ಅಲ್ಲ. ಮನೆಯಲ್ಲಿ ಕರೆಯೋ ಹೆಸರು ಒಂದು, ಗುಮಾಸ್ತನಿಗೆ ಹೇಳಿದ್ದು ಇನ್ನೊಂದು ಆಗಿರಬಹುದು. ಆಗಿರದೇನೂ ಇರಬಹುದು. ಆ ಪುಟದಲ್ಲಿ ಹೆಣ್ಣುಮಕ್ಕಳ ಹೆಸರು ಒಂದೂ ಇಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ನಮ್ಮಜ್ಜಿ ಎರಡೂ ಕಡೆಯಿಂದ ಆ ಮನೆಯವಳೇ, ಆದ್ರೂ ಪುಸ್ತಕದಲ್ಲಿ ಅವಳಿಲ್ಲ. ಅಪ್ಪನ ಡಿಎನ್‌ಎಯಲ್ಲಿ ಮಾತ್ರ ಅವಳ ಪಾಲು ಸರಿಯಾಗಿ ಅರ್ಧ ಇದೆ.

ಉಳಿದೆರಡು ಮನೆತನದ ಪುಟಗಳನ್ನೂ ತೋರಿಸಿ ಅಂತ ಕೇಳಿದ್ದಕ್ಕೆ ಹೆಳವರು ಪುಸ್ತಕ ಮುಚ್ಚಿದ್ರಂತೆ. "ಅದು ಅವರ ಮನೆ ಮುಂದೆ ಓದೋದು ಸ್ವಾಮಿ, ನಿಮ್ಮ ಮುಂದಲ್ಲ."

ಈ ಮಾತು ಕೇಳಿದಾಗ ನನಗೆ ನೆನಪಾದದ್ದು ಡಿಎನ್‌ಎ ಕಂಪನಿಗಳು. 2023ರಲ್ಲಿ ಟ್ವೆಂಟಿತ್ರೀ ಆ್ಯಂಡ್ ಮಿ ಕಂಪನಿಯಿಂದ ಸುಮಾರು 69 ಲಕ್ಷ ಜನರ ಮಾಹಿತಿ ಕಳ್ಳರ ಕೈಗೆ ಹೋಯ್ತು. 2025ರ ಮಾರ್ಚಿನಲ್ಲಿ ಅದೇ ಕಂಪನಿ ದಿವಾಳಿ ಅರ್ಜಿ ಹಾಕಿದಾಗ, ನಮ್ಮ ಡಿಎನ್‌ಎ ಈಗ ಯಾರ ಪಾಲಿಗೆ ಹೋಗುತ್ತೆ ಅನ್ನೋ ಪ್ರಶ್ನೆ ಕೋರ್ಟಿನವರೆಗೆ ಹೋಯ್ತು. 2018ರಲ್ಲಿ ಕ್ಯಾಲಿಫೋರ್ನಿಯಾ ಪೊಲೀಸರು ದಶಕಗಳ ಹಳೇ ಸರಣಿ ಕೊಲೆಗಾರನನ್ನ ಹಿಡಿದದ್ದು ಅವನ ಎಂಜಲಿನಿಂದ ಅಲ್ಲ, ಇಂಥ ಒಂದು ಜಾಲತಾಣಕ್ಕೆ ಅವನ ದೂರದ ನೆಂಟರು ಹಾಕಿದ್ದ ಮಾಹಿತಿಯಿಂದ. ಅಂದ್ರೆ ನೀವು ಉಗುಳಿ ಕಳಿಸಿದಾಗ ನಿಮ್ಮ ದಾಯಾದಿಗಳ ಪರವಾಗಿಯೂ ಸಹಿ ಹಾಕಿದ ಹಾಗೆ. ಕಿಟ್ ಮಾಡಿಸಬೇಕಾ ಅಂತ ಕೇಳಿದವರಿಗೆ ನಾನು ಹೇಳೋದು: ಮೊದಲು ಮನೆಯಲ್ಲಿರೋ ಎಂಬತ್ತು ದಾಟಿದವರ ಹತ್ತಿರ ಕೂತು ಫೋನಲ್ಲಿ ಅವರ ಮಾತು ರೆಕಾರ್ಡ್ ಮಾಡಿ. ಕಿಟ್ ಇನ್ನೂ ಹತ್ತು ವರ್ಷ ಬಿಟ್ಟರೂ ಸಿಗುತ್ತೆ.

ಕಥೆ ಈಗ ನಿಂತಿರೋದು ಎಲ್ಲಿ ಅಂದ್ರೆ, ಮೂರು ಮನೆತನಗಳ ನಡುವೆ. ಅದನ್ನ ಬಿಡಿಸೋಕೆ ಒಂದು ದಾರಿ ಇದೆ. ಉಳಿದೆರಡು ಮನೆತನಗಳಿಂದ ಒಬ್ಬೊಬ್ಬರು ಪರೀಕ್ಷೆ ಮಾಡಿಸಿದ್ರೆ, ಟೀಚರ್ ಜೊತೆ ಯಾರದು ಹೆಚ್ಚು, ಉದ್ದದ ತುಂಡುಗಳು ಯಾರ ಜೊತೆ ಅಂತ ತೂಗಿ ನೋಡಬಹುದು. ವೈ ಕ್ರೋಮೋಸೋಮನ್ನ ಇನ್ನೂ ಆಳವಾಗಿ ಓದಿಸಿದ್ರೆ, ಸರಾಸರಿ ಎಂಬತ್ತು ವರ್ಷಕ್ಕೊಂದರಂತೆ ಹೊಸ ಬದಲಾವಣೆಗಳು ಸಿಗುತ್ತವೆ, ಕವಲು ಒಡೆದದ್ದು ಎಲ್ಲಿ ಅಂತ ಅಂದಾಜಾಗುತ್ತೆ. ಮೊದಲನೇ ಮನೆಯ ಮೊಮ್ಮಗ ಟೆಕ್ಸಸ್‌ನಲ್ಲಿದ್ದಾನೆ. ಫೋನ್ ಮಾಡಿದ್ದೇ ತಡ, "ಕಳಿಸಿ ಅಣ್ಣ, ಮಾಡಿಸ್ತೀನಿ" ಅಂದ. ಅವನ ಟ್ಯೂಬು ಲ್ಯಾಬಿಗೆ ಹೋಗಿ ಮೂರು ವಾರ ಆಯ್ತು.

ಎರಡನೇ ಮನೆಯವರು ಖಾತೆದಾರನ ತಂದೆಗೂ ಅದೇ ಹೆಸರಿದ್ದ ಮನೆಯವರು. ಅವರು ಬೇಡ ಅಂದ್ರು. ಅವರಲ್ಲಿ ಅಣ್ಣ ತಮ್ಮಂದಿರ ಭಾಗದ ಕೇಸು ಕೋರ್ಟಲ್ಲಿದೆ. ಬೆಂಗಳೂರು ಅಲ್ಲಿವರೆಗೂ ಬೆಳೆದು ಬಂದಿದೆ, ಒಂದೊಂದು ಗುಂಟೆಗೂ ಬೆಲೆ ಇದೆ. "ಇವತ್ತು ಎಂಜಲು ಕೊಡಿ ಅಂತೀರ, ನಾಳೆ ಆಫ್ರಿಕಾದಿಂದ ಬಂದು ನಮ್ಮ ತಾತನ ಭಾಗ ಕೊಡಿ ಅಂದ್ರೆ ನೀವು ಬರ್ತೀರಾ ಕೋರ್ಟಿಗೆ?" ಅಂತ ಆ ಮನೆ ಹಿರಿಯರು ಚಿಕ್ಕಪ್ಪನ ಮಗನನ್ನ ಕೇಳಿದ್ರಂತೆ. ಅವನಿಗೆ ಏನು ಹೇಳಬೇಕೋ ತೋಚಲಿಲ್ಲ. ನನಗೂ ಸಿಟ್ಟು ಬಂತು, ಆಮೇಲೆ ಇಳಿಯಿತು. ಅವರ ಭಯ ಪೂರ್ತಿ ಹುಚ್ಚಲ್ಲ. ಡಿಎನ್‌ಎ ಅಂದ್ರೆ ನಮ್ಮ ಜನ ಪೇಪರಲ್ಲಿ ಓದಿರೋದು ಪಿತೃತ್ವದ ಕೇಸು, ಆಸ್ತಿ ಕೇಸುಗಳಲ್ಲೇ.

ಟೀಚರಿಗೆ ಇದನ್ನೂ ಹೇಳಿದೆ. ಅವರಿಗೆ ಜಮೀನು ಬೇಡ ಅಂತ ಬೇಕಾದ್ರೆ ಬರೆದುಕೊಡ್ತಾರಂತೆ. ಮುಂದಿನ ಪಿತೃಪಕ್ಷದ ಹೊತ್ತಿಗೆ ತಮ್ಮನ ಮಗನ ಜೊತೆ ಬರೋಕೆ ಟಿಕೆಟ್ ನೋಡ್ತಿದ್ದಾರೆ. ಅತ್ತೆಗೆ ಎಂಬತ್ತನಾಲ್ಕು. ವಿಷಯ ಎಲ್ಲ ವಿವರಿಸಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಕಣಪ್ಪ, ಅವನು ಅಲ್ಲೇ ಬದುಕಿ ಬಾಳಿ ಸತ್ತಿದ್ರೆ, ಅಲ್ಲೂ ಅವನಿಗೆ ಎಡೆ ಇಕ್ತಿದ್ರೇನೋ ಕೇಳು."

ಕೇಳಿದೆ. ಇಡ್ತಿದ್ರಂತೆ, ಟೀಚರ ಅಪ್ಪ ಇರೋವರೆಗೆ.

ಟೆಕ್ಸಸ್ ಹುಡುಗನ ರಿಸಲ್ಟ್ ಬಂದ ಕೂಡಲೇ ಇನ್ನೊಂದು ಸಣ್ಣ ಸಂಚಿಕೆ ಮಾಡ್ತೀನಿ. ನಿಮ್ಮ ಮನೆಗೂ ಹೆಳವರು ಬರ್ತಿದ್ದಿದ್ರೆ, ಯಾವ ಊರು, ಯಾವ ವರ್ಷದವರೆಗೆ ಅಂತ ಬರೆದು ಕಳಿಸಿ.